ಆನೆಯ ನಾಣ್ಯದಲ್ಲಿರುವುದು ಹ್ಯಾನಿಬಲ್‌ನ ಮುಖವೇ? ಪ್ರಾಚೀನ ನಾಣ್ಯ, ಒಡವೆಗಳಲ್ಲಿ ಕಾಣುವ ಆಫ್ರಿಕನ್ನರ ನಿಜ ಕಥೆ

ಒಂದು ಹಳೆಯ ನಾಣ್ಯದ ಫೋಟೊ ಸಾಮಾಜಿಕ ಜಾಲತಾಣಗಳಲ್ಲಿ ಆಗಾಗ ಸುತ್ತು ಹೊಡೆಯುತ್ತದೆ. ಅದರ ಒಂದು ಬದಿಯಲ್ಲಿ ಗುಂಗುರು ಕೂದಲಿನ, ಅಗಲ ಮೂಗಿನ, ತುಂಬು ತುಟಿಯ ಆಫ್ರಿಕನ್ ವ್ಯಕ್ತಿಯ ತಲೆ. ಇನ್ನೊಂದು ಬದಿಯಲ್ಲಿ ಆನೆ. ಜೊತೆಗಿರುವ ಬರಹದ ಸಾರಾಂಶ ಹೀಗಿರುತ್ತದೆ: ರೋಮ್ ಸಾಮ್ರಾಜ್ಯವನ್ನು ನಡುಗಿಸಿದ ಸೇನಾನಿ ಹ್ಯಾನಿಬಲ್‌ನ ನಿಜವಾದ ಮುಖ ಇದು, ಅವನು ಕಪ್ಪು ವರ್ಣೀಯ, ಇತಿಹಾಸಕಾರರು ಇದನ್ನು ಮುಚ್ಚಿಟ್ಟಿದ್ದಾರೆ.

ಇದಕ್ಕೆ ಉತ್ತರವಾಗಿ ಮತ್ತೊಂದು ಪೋಸ್ಟ್ ಬರುತ್ತದೆ. ಅದರಲ್ಲಿ ಬೇರೊಂದು ನಾಣ್ಯ, ಗ್ರೀಕ್ ಶಿಲ್ಪಗಳಂತೆ ಕಾಣುವ ಬೇರೊಂದು ಮುಖ. ಹ್ಯಾನಿಬಲ್ ಬಿಳಿಯನೇ, ಆ ಕಾಲದ ಯುರೋಪಿನಲ್ಲಿ ಕಪ್ಪು ಜನರಿದ್ದರೆ ಅವರು ಗುಲಾಮರು ಮಾತ್ರ ಎಂಬುದು ಅದರ ವಾದ.

ಎರಡರಲ್ಲಿ ಯಾವುದು ಸರಿ? ಎರಡೂ ಸರಿಯಲ್ಲ. ಮೊದಲ ಫೋಟೊದಲ್ಲಿರುವ ನಾಣ್ಯ ಅಸಲಿ, ಅದರಲ್ಲಿರುವುದು ಆಫ್ರಿಕನ್ ವ್ಯಕ್ತಿಯ ಮುಖ ಎಂಬುದೂ ನಿಜ. ಆದರೆ ಅದು ಹ್ಯಾನಿಬಲ್ ಎನ್ನಲು ಆಧಾರವಿಲ್ಲ. ಎರಡನೇ ಪೋಸ್ಟಿನ ವಾದವೂ ನಿಲ್ಲುವುದಿಲ್ಲ. ಹ್ಯಾನಿಬಲ್ ಹುಟ್ಟುವುದಕ್ಕೂ ಮೊದಲಿನಿಂದ ಗ್ರೀಸ್, ಇಟಲಿ, ಈಜಿಪ್ಟ್‌ಗಳ ಕುಶಲಕರ್ಮಿಗಳು ಆಫ್ರಿಕನ್ನರ ಮುಖವನ್ನು ಬೆಳ್ಳಿಯಲ್ಲಿ, ಕಂಚಿನಲ್ಲಿ, ಚಿನ್ನದಲ್ಲಿ ಮೂಡಿಸಿದ್ದಾರೆ. ಒಂದೊಂದಾಗಿ ನೋಡೋಣ.

ಈ ನಾಣ್ಯ ಎಲ್ಲಿಯದು?

ಇದು ಕಾರ್ಥೇಜಿನ ನಾಣ್ಯವಲ್ಲ, ರೋಮಿನದ್ದೂ ಅಲ್ಲ. ಇಟಲಿಯ ಮಧ್ಯಭಾಗದಲ್ಲಿದ್ದ ಎಟ್ರುಸ್ಕನ್ ಎಂಬ ಜನರ ಕಂಚಿನ ಚಿಲ್ಲರೆ ನಾಣ್ಯ. ಕಾಲ ಕ್ರಿ.ಪೂ. 3ನೇ ಶತಮಾನ. ಇಂಥ ನಾಣ್ಯಗಳು ಹೆಚ್ಚಾಗಿ ಸಿಕ್ಕಿರುವುದು ಕಿಯಾನಾ ಕಣಿವೆ ಮತ್ತು ಟ್ರಾಸಿಮೀನ್ ಸರೋವರದ ಆಸುಪಾಸಿನಲ್ಲಿ. ಆನೆಯ ಕುತ್ತಿಗೆಯಲ್ಲಿ ಒಂದು ಗಂಟೆ ಇದೆ. ಆನೆಯ ಕೆಳಗೆ ಎಟ್ರುಸ್ಕನ್ ಲಿಪಿಯ ಒಂದು ಅಕ್ಷರವಿದೆ. ಅಷ್ಟೇ. ಹ್ಯಾನಿಬಲ್ ಎಂಬ ಹೆಸರು ನಾಣ್ಯದ ಯಾವ ಬದಿಯಲ್ಲೂ ಇಲ್ಲ.

ಹಾಗಾದರೆ ಹ್ಯಾನಿಬಲ್ ಎಲ್ಲಿಂದ ಬಂದ? ಇದಕ್ಕೆ ಒಂದು ಕಾರಣವಿದೆ. ಕ್ರಿ.ಪೂ. 218ರಲ್ಲಿ ಹ್ಯಾನಿಬಲ್ ಆನೆಗಳ ಸಮೇತ ಆಲ್ಪ್ಸ್ ಪರ್ವತ ದಾಟಿ ಇಟಲಿಗೆ ನುಗ್ಗಿದ. ಅವನ ಬಳಿ 37 ಆನೆಗಳಿದ್ದವು ಎಂದು ಗ್ರೀಕ್ ಇತಿಹಾಸಕಾರ ಪೊಲಿಬಿಯಸ್ ಲೆಕ್ಕ ಕೊಡುತ್ತಾನೆ. ಮರುವರ್ಷ, ಕ್ರಿ.ಪೂ. 217ರಲ್ಲಿ, ಹ್ಯಾನಿಬಲ್ ಇದೇ ಎಟ್ರುಸ್ಕನ್ನರ ನೆಲದಲ್ಲಿ ಸಾಗಿ ಟ್ರಾಸಿಮೀನ್ ಸರೋವರದ ದಡದಲ್ಲಿ ರೋಮನ್ ಸೇನೆಯನ್ನು ಸೋಲಿಸಿದ. ಅಂದರೆ ಜಾಗ ಹೊಂದುತ್ತದೆ, ಶತಮಾನ ಹೊಂದುತ್ತದೆ, ಆನೆಯೂ ಹೊಂದುತ್ತದೆ. ಹಾಗಾಗಿ ಹಲವು ವಿದ್ವಾಂಸರು ಈ ನಾಣ್ಯವನ್ನು ಹ್ಯಾನಿಬಲ್‌ನ ದಂಡಯಾತ್ರೆಗೆ ಜೋಡಿಸುತ್ತಾರೆ.

ಎಲ್ಲರೂ ಒಪ್ಪುವುದಿಲ್ಲ. ಹ್ಯಾನಿಬಲ್‌ಗಿಂತ ಆರು ದಶಕ ಮೊದಲೇ, ಕ್ರಿ.ಪೂ. 280ರಲ್ಲಿ, ಪಿರ್ರಸ್ ಎಂಬ ಗ್ರೀಕ್ ರಾಜ ಇಟಲಿಗೆ ಯುದ್ಧದಾನೆಗಳನ್ನು ತಂದಿದ್ದ. ಹಾಗಾಗಿ ಆನೆ ಕಂಡ ಮಾತ್ರಕ್ಕೆ ಹ್ಯಾನಿಬಲ್ ಎನ್ನುವಂತಿಲ್ಲ. ಒಂದು ವೇಳೆ ಹ್ಯಾನಿಬಲ್‌ನ ಕಾಲದ್ದೇ ಎಂದು ಒಪ್ಪಿದರೂ, ಇನ್ನೊಂದು ಬದಿಯ ಮುಖ ಅವನದೇ ಎಂದಾಗುವುದಿಲ್ಲ.

ಹಾಗಾದರೆ ಆ ವ್ಯಕ್ತಿ ಯಾರು?

ಬಹಳ ಮಂದಿ ತಜ್ಞರು ಒಪ್ಪುವ ಉತ್ತರ ಸರಳವಾಗಿದೆ: ಮಾವುತ. ಒಂದು ಬದಿಯಲ್ಲಿ ಆನೆ, ಇನ್ನೊಂದು ಬದಿಯಲ್ಲಿ ಆ ಆನೆಯನ್ನು ನಡೆಸುವವನು. ಸಣ್ಣ ಊರುಗಳ ಜನ ಜೀವನದಲ್ಲಿ ಮೊದಲ ಬಾರಿಗೆ ಆನೆ ನೋಡಿದಾಗ ಅವರ ಕಣ್ಣು ಹೋಗಿರುವುದು ಎರಡರ ಮೇಲೆ, ಆ ಪ್ರಾಣಿಯ ಮೇಲೆ ಮತ್ತು ಅದರ ಹೆಗಲ ಮೇಲೆ ಕೂತವನ ಮೇಲೆ. ದಸರಾ ಮೆರವಣಿಗೆ ನೋಡಿದ ಯಾರಿಗಾದರೂ ಇದು ಅರ್ಥವಾಗುತ್ತದೆ.

ಇಲ್ಲಿ ಭಾರತಕ್ಕೂ ಒಂದು ಎಳೆ ಇದೆ. ನಾಣ್ಯದ ಆನೆಯನ್ನು ಗಮನಿಸಿ. ಆಫ್ರಿಕಾದ ಆನೆಗೆ ದೊಡ್ಡ ಕಿವಿ, ನಡುವೆ ತಗ್ಗಿದ ಬೆನ್ನು. ನಮ್ಮ ಆನೆಗೆ ಸಣ್ಣ ಕಿವಿ, ಉಬ್ಬಿದ ಬೆನ್ನು. ಈ ನಾಣ್ಯದ ಆನೆ ನಮ್ಮ ಆನೆಯಂತಿದೆ ಎಂಬುದು ಆನೆಗಳ ಇತಿಹಾಸ ಬರೆದ ಬ್ರಿಟಿಷ್ ವಿದ್ವಾಂಸ ಎಚ್.ಎಚ್. ಸ್ಕಲ್ಲಾರ್ಡ್ ಅವರ ಅಭಿಪ್ರಾಯ. ಹ್ಯಾನಿಬಲ್‌ನ ಬಹುತೇಕ ಆನೆಗಳು ಉತ್ತರ ಆಫ್ರಿಕಾದವು. ಆದರೆ ಕಾರ್ಥೇಜಿನ ಪರವಾಗಿ ಅತ್ಯಂತ ವೀರಾವೇಶದಿಂದ ಹೋರಾಡಿದ ಆನೆಯ ಹೆಸರು ಸುರುಸ್ ಎಂದು ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ಸುರುಸ್ ಎಂದರೆ ಸಿರಿಯಾದ್ದು. ಸಿರಿಯಾದ ರಾಜರ ಬಳಿ ಇದ್ದದ್ದು ಭಾರತದ ಆನೆಗಳು. ಆ ವಂಶದ ಮೊದಲ ರಾಜ ಸೆಲ್ಯೂಕಸ್‌ಗೆ 500 ಆನೆಗಳನ್ನು ಕೊಟ್ಟವನು ಚಂದ್ರಗುಪ್ತ ಮೌರ್ಯ, ಶ್ರವಣಬೆಳಗೊಳದ ಚಂದ್ರಗಿರಿಗೆ ಹೆಸರು ಬರಲು ಕಾರಣನಾದವನು ಎಂದು ನಾವು ನಂಬುವ ಅದೇ ಚಂದ್ರಗುಪ್ತ.

ಹ್ಯಾನಿಬಲ್‌ನ ಆನೆಗಳಲ್ಲಿ ಒಂದನ್ನು ಬಿಟ್ಟು ಉಳಿದವೆಲ್ಲ ಇಟಲಿಯ ಮೊದಲ ಚಳಿಗಾಲದಲ್ಲೇ ಸತ್ತವು. ಉಳಿದ ಆ ಒಂದೇ ಆನೆಯ ಮೇಲೆ ಕೂತು ಅವನು ಜೌಗು ನೆಲ ದಾಟಿದ, ಆ ದಾರಿಯಲ್ಲೇ ಕಣ್ಣುನೋವಿನಿಂದ ಒಂದು ಕಣ್ಣು ಕಳೆದುಕೊಂಡ. ಆ ಆನೆಯೇ ಸುರುಸ್, ನಾಣ್ಯದಲ್ಲಿರುವುದೂ ಅದೇ ಎಂಬುದು ಚೆಂದದ ಊಹೆ. ಆದರೆ ಅದು ಊಹೆಯೇ ಹೊರತು ಸಾಬೀತಾದ ಸಂಗತಿಯಲ್ಲ.

"ಹಾಗಾದರೆ ಮಾವುತ ಭಾರತೀಯನೇ?"

ಇದು ಮುಂದಿನ ಫಾರ್ವರ್ಡ್ ಆಗುವ ಮೊದಲೇ ಹೇಳಿಬಿಡುವುದು ಒಳ್ಳೆಯದು. ಫ್ರಾನ್ಸಿನ ರೋನ್ ನದಿ ದಾಟುವಾಗ ಹ್ಯಾನಿಬಲ್‌ನ ಆನೆಗಳು ಬೆದರಿ ನೀರಿಗೆ ಬಿದ್ದದ್ದು, ಆನೆಗಳು ಸೊಂಡಿಲು ಮೇಲೆತ್ತಿಕೊಂಡು ಪಾರಾದದ್ದು, ಅವುಗಳನ್ನು ನಡೆಸುತ್ತಿದ್ದವರು ಮುಳುಗಿದ್ದು, ಇದನ್ನೆಲ್ಲ ಪೊಲಿಬಿಯಸ್ ಬರೆದಿದ್ದಾನೆ. ಅಲ್ಲಿ ಮಾವುತರಿಗೆ ಅವನು ಬಳಸುವ ಪದ "ಇಂಡಿಯನ್ನರು" ಎಂದೇ. ಇದನ್ನು ಓದಿ ಹ್ಯಾನಿಬಲ್‌ನ ಮಾವುತರೆಲ್ಲ ಭಾರತೀಯರು ಎಂದು ಬರೆಯುವುದು ಸುಲಭ. ಆದರೆ ಗ್ರೀಕರು ಆನೆ ನಡೆಸುವ ವಿದ್ಯೆ ನೋಡಿದ್ದೇ ಭಾರತದಿಂದ. ಹಾಗಾಗಿ ಯಾವ ದೇಶದವನಾದರೂ ಆನೆ ನಡೆಸುವವನಿಗೆ ಅವರು ಇಂಡಿಯನ್ ಎನ್ನುತ್ತಿದ್ದರು. ಅದು ಊರಿನ ಹೆಸರಿನಿಂದ ಕೆಲಸದ ಹೆಸರಾದ ಪದ. ಈ ನಾಣ್ಯದ ಮುಖ ಮಾವುತನದ್ದೇ ಆದರೆ, ಆಫ್ರಿಕನ್ನರೂ ಈ ಕೆಲಸ ಮಾಡುತ್ತಿದ್ದರು ಎಂಬುದಕ್ಕೆ ಅದೇ ಪುರಾವೆ.

ಇನ್ನೊಂದು ಪೋಸ್ಟಿನ "ಬಿಳಿ ಹ್ಯಾನಿಬಲ್" ಯಾರು?

ಎರಡನೇ ಪೋಸ್ಟ್‌ನಲ್ಲಿ ಸಾಮಾನ್ಯವಾಗಿ ಕಾಣುವುದು ಸ್ಪೇನಿನಲ್ಲಿ ಹ್ಯಾನಿಬಲ್‌ನ ಬಾರ್ಕಾ ಮನೆತನ ಅಚ್ಚು ಹಾಕಿಸಿದ ಬೆಳ್ಳಿ ನಾಣ್ಯ. ಒಂದು ಬದಿಯಲ್ಲಿ ತಲೆಗೆ ಎಲೆಗಳ ಕಿರೀಟ ತೊಟ್ಟ ಪುರುಷ, ಭುಜದ ಮೇಲೆ ಗದೆ. ಹಿಂದೆ ದೊಡ್ಡ ಕಿವಿಯ ಆಫ್ರಿಕನ್ ಆನೆ. ಇದು ಹ್ಯಾನಿಬಲ್ ಅಥವಾ ಅವನ ತಂದೆ ಹಮಿಲ್ಕಾರ್‌ನ ಮುಖ ಎಂದು ಕೆಲವು ವಿದ್ವಾಂಸರು ಹೇಳಿದ್ದುಂಟು. ಆದರೆ ಗದೆ ಮೆಲ್ಕಾರ್ಟ್ ಎಂಬ ದೇವರ ಗುರುತು. ಗ್ರೀಕರು ಈ ದೇವರನ್ನೇ ಹೆರಾಕ್ಲಿಸ್ ಎಂದು ಕರೆದರು. ಇಲ್ಲಿಯೂ ಹೆಸರಿಲ್ಲ.

ನಾವೆಲ್ಲ ಒಂದು ತಪ್ಪು ಮಾಡುತ್ತೇವೆ. ವಿಕ್ಟೋರಿಯಾ ರಾಣಿ, ಜಾರ್ಜ್ ದೊರೆಯ ಮುಖವಿರುವ ಹಳೆಯ ರೂಪಾಯಿ ನೋಡಿ ಬೆಳೆದವರಿಗೆ, ನಾಣ್ಯದಲ್ಲಿ ಮುಖವಿದ್ದರೆ ಅದು ಆಳಿದವರದ್ದೇ ಎಂಬ ಭಾವನೆ ಬೇರೂರಿದೆ. ಪ್ರಾಚೀನ ಗ್ರೀಕ್ ನಗರಗಳಲ್ಲಿ ಹಾಗಿರಲಿಲ್ಲ. ಅವುಗಳ ನಾಣ್ಯದಲ್ಲಿ ದೇವರು, ದಂತಕಥೆಯ ವೀರರು, ಊರಿನ ಗುರುತಿನ ಪ್ರಾಣಿ ಪಕ್ಷಿಗಳಿರುತ್ತಿದ್ದವು. ಬದುಕಿರುವ ರಾಜನ ಮುಖ ಹಾಕುವ ರೂಢಿ ಅಲೆಕ್ಸಾಂಡರ್‌ನ ನಂತರವಷ್ಟೇ ಹರಡಿತು. ರೋಮ್ ನಗರದ ನಾಣ್ಯಗಳಲ್ಲಿ ಬದುಕಿರುವಾಗಲೇ ಮುಖ ಮೂಡಿಸಿಕೊಂಡ ಮೊದಲ ರೋಮನ್ ಜೂಲಿಯಸ್ ಸೀಸರ್, ಅದೂ ಕ್ರಿ.ಪೂ. 44ರಲ್ಲಿ.

ಹ್ಯಾನಿಬಲ್‌ನ ಬಗ್ಗೆ ನಮಗೆ ಖಚಿತವಾಗಿ ಗೊತ್ತಿರುವುದು ಇಷ್ಟು. ಅವನ ಊರು ಕಾರ್ಥೇಜ್, ಇಂದಿನ ಟ್ಯುನೀಷಿಯಾದಲ್ಲಿದೆ. ಅದನ್ನು ಕಟ್ಟಿದವರು ಇಂದಿನ ಲೆಬನಾನಿನ ಟೈರ್ ಪಟ್ಟಣದಿಂದ ಬಂದ ಫಿನೀಷಿಯನ್ನರು. ಶತಮಾನಗಳ ಕಾಲ ಅವರು ಉತ್ತರ ಆಫ್ರಿಕಾದ ಸ್ಥಳೀಯರೊಂದಿಗೆ ಬೆರೆತು ಬಾಳಿದರು. ಹೆಸರು ಬರೆದ, ಅವನ ಕಾಲದ್ದೇ ಆದ ಹ್ಯಾನಿಬಲ್‌ನ ಚಿತ್ರ ಯಾವುದೂ ಸಿಕ್ಕಿಲ್ಲ. ಹಾಗಿರುವಾಗ ಮೊಬೈಲ್‌ನಲ್ಲಿ ಬರುವ ಕಪ್ಪು ಹ್ಯಾನಿಬಲ್, ಬಿಳಿ ಹ್ಯಾನಿಬಲ್ ಎರಡೂ ಕಲ್ಪನೆಗಳೇ.

ಹ್ಯಾನಿಬಲ್‌ಗಿಂತ ಹಿಂದಿನ ಮುಖಗಳು

ಹ್ಯಾನಿಬಲ್‌ನ ಜಗಳ ಬಿಟ್ಟು ನೋಡಿದರೆ ಇನ್ನೂ ಸ್ವಾರಸ್ಯಕರ ಸಂಗತಿಗಳಿವೆ. ಗ್ರೀಸಿನ ಡೆಲ್ಫಿ ಎಂದರೆ ಇಡೀ ಗ್ರೀಕ್ ಜಗತ್ತು ಭವಿಷ್ಯ ಕೇಳಲು ಬರುತ್ತಿದ್ದ ಪುಣ್ಯಕ್ಷೇತ್ರ. ಕ್ರಿ.ಪೂ. 5ನೇ ಶತಮಾನದಲ್ಲಿ ಅಲ್ಲಿ ಹೊರಬಂದ ಪುಟ್ಟ ಬೆಳ್ಳಿ ನಾಣ್ಯಗಳಲ್ಲಿ ಆಫ್ರಿಕನ್ ವ್ಯಕ್ತಿಯ ತಲೆ ಇದೆ, ಹಿಂಬದಿಯಲ್ಲಿ ಆಡಿನ ತಲೆ. ಕೆಲವುಗಳ ತೂಕ ಸುಮಾರು ಒಂದೂವರೆ ಗ್ರಾಂ, ನಮ್ಮ ಒಂದು ರೂಪಾಯಿಯ ಅರ್ಧದಷ್ಟು. ಫೋನಿನ ಪರದೆ ತುಂಬ ಕಾಣುವ ಆ ಮುಖ ನಿಜದಲ್ಲಿ ಕಿರುಬೆರಳಿನ ಉಗುರಿನಷ್ಟು.

ಪುಣ್ಯಕ್ಷೇತ್ರದ ನಾಣ್ಯದಲ್ಲಿ ಈ ಮುಖ ಏಕೆ? ಒಂದು ವಿವರಣೆ ಹೀಗಿದೆ. ಡೆಲ್ಫಿಗೆ ಹೆಸರು ಬಂದದ್ದು ಡೆಲ್ಫೋಸ್ ಎಂಬ ಮೂಲಪುರುಷನಿಂದ. ಅವನ ತಾಯಿಯ ಹೆಸರು ಒಂದು ಕಥೆಯಲ್ಲಿ ಮೆಲೈನಾ, ಇನ್ನೊಂದರಲ್ಲಿ ಕೆಲೈನೊ. ಎರಡರ ಅರ್ಥವೂ ಕಪ್ಪು ಬಣ್ಣದವಳು ಎಂದು. ಹಾಗಾಗಿ ಇದು ಡೆಲ್ಫೋಸ್‌ನ ಮುಖ ಎಂಬ ವಾದವಿದೆ. ಆದರೆ ಹೆಸರಿನ ಅರ್ಥವೊಂದೇ ಪುರಾವೆಯಾಗದು. ನಮ್ಮಲ್ಲಿ ಕರಿಯಪ್ಪ, ಕಾಳಮ್ಮ ಎಂದು ಹೆಸರಿದ್ದ ಮಾತ್ರಕ್ಕೆ ಅವರ ವಂಶ ಎಲ್ಲಿಯದೆಂದು ಹೇಳಲಾಗದಲ್ಲ, ಹಾಗೆ. ಲೆಸ್ಬೋಸ್ ದ್ವೀಪದ ಕೆಲವು ಸಣ್ಣ ನಾಣ್ಯಗಳಲ್ಲೂ ಇಂಥದೇ ತಲೆಗಳಿವೆ. ಅಲ್ಲಂತೂ ಡೆಲ್ಫೋಸ್‌ನ ಕಥೆಗೆ ಜಾಗವಿಲ್ಲ.

ಈ ಪರಿಚಯ ಬೆಳೆದದ್ದು ಹೇಗೆ ಎಂಬುದಕ್ಕೆ ಈಜಿಪ್ಟ್ ಮುಖ್ಯ ಕೊಂಡಿ. ನೈಲ್ ನದಿಯ ಮುಖಜ ಭೂಮಿಯಲ್ಲಿ ನೌಕ್ರಾಟಿಸ್ ಎಂಬ ಗ್ರೀಕ್ ವ್ಯಾಪಾರಿ ಪಟ್ಟಣವಿತ್ತು. ಕ್ರಿ.ಪೂ. 6ನೇ ಶತಮಾನದಲ್ಲಿ ಅಲ್ಲಿನ ಕಾರ್ಖಾನೆಯಲ್ಲಿ ಹೊಳಪಿನ ಲೇಪವಿರುವ ಪುಟ್ಟ ತಾಯತಗಳು ಸಾಲು ಸಾಲಾಗಿ ತಯಾರಾಗುತ್ತಿದ್ದವು. ಅವುಗಳಲ್ಲಿ ಆಫ್ರಿಕನ್ ತಲೆಯ ಆಕಾರದವೂ ಇವೆ. ದಕ್ಷಿಣಕ್ಕೆ ಇಂದಿನ ಸುಡಾನಿನಲ್ಲಿ ಕುಶ್ ರಾಜ್ಯವಿತ್ತು. ಅಲ್ಲಿನ ರಾಜರು ಕ್ರಿ.ಪೂ. 8 ಮತ್ತು 7ನೇ ಶತಮಾನಗಳಲ್ಲಿ ಇಡೀ ಈಜಿಪ್ಟನ್ನೇ ಆಳಿದ್ದರು. ಗ್ರೀಕರು ಈ ದಕ್ಷಿಣದ ಜನರನ್ನೆಲ್ಲ "ಐಥಿಯೋಪ್ಸ್" ಎಂದು ಕರೆದರು. ಬಿಸಿಲಿಗೆ ಸುಟ್ಟ ಮುಖದವರು ಎಂದು ಅದರ ಅರ್ಥ. ಇಂದಿನ ಇಥಿಯೋಪಿಯಾ ದೇಶವೊಂದಕ್ಕೇ ಆ ಪದ ಸೀಮಿತವಾಗಿರಲಿಲ್ಲ.

ಚಿನ್ನದ ಓಲೆ, ಚಿನ್ನದ ಬಟ್ಟಲು

ಒಡವೆಗಳಿಗೆ ಬರೋಣ. ಅಲೆಕ್ಸಾಂಡರ್‌ನ ನಂತರದ ಎರಡು ಮೂರು ಶತಮಾನಗಳಲ್ಲಿ, ರಿಂಗಿನಂಥ ಚಿನ್ನದ ಓಲೆಗಳ ತುದಿಗೆ ಸಿಂಹ, ಜಿಂಕೆ, ಮನುಷ್ಯರ ತಲೆ ಕೂರಿಸುವುದು ಫ್ಯಾಶನ್ ಆಗಿತ್ತು. ಅವುಗಳಲ್ಲಿ ಆಫ್ರಿಕನ್ನರ ತಲೆಗಳಿರುವ ಓಲೆಗಳು ಅಕ್ಕಸಾಲಿಗರ ಕೈಚಳಕಕ್ಕೆ ಒಳ್ಳೆಯ ಉದಾಹರಣೆ. ಮುಖವನ್ನು ಗಾರ್ನೆಟ್ ಎಂಬ ಕಡುಗೆಂಪು ಹರಳಿನಲ್ಲೋ, ಮರದ ರಾಳ ಕಲ್ಲಾಗಿ ಆಗುವ ಕಂದು ಅಂಬರಿನಲ್ಲೋ ಕೆತ್ತುತ್ತಿದ್ದರು. ಕೂದಲಿಗೆ ಎಳೆ ಎಳೆಯಾದ ಚಿನ್ನದ ತಂತಿ ಸುತ್ತಿ ಒಂದೊಂದು ಗುಂಗುರನ್ನೂ ಬೇರೆ ಬೇರೆಯಾಗಿ ಕೂರಿಸುತ್ತಿದ್ದರು. ಚರ್ಮದ ಬಣ್ಣ ಸೂಚಿಸಲೆಂದೇ ಕಡುಬಣ್ಣದ ವಸ್ತುವನ್ನು ಆಯ್ದಿದ್ದಾರೆ ಎಂದು ನೋಡಿದೊಡನೆ ಅನ್ನಿಸುತ್ತದೆ.

ಎಲ್ಲಕ್ಕಿಂತ ಅಚ್ಚರಿಯ ವಸ್ತು ಬಲ್ಗೇರಿಯಾದ್ದು. 1949ರ ಡಿಸೆಂಬರ್‌ನಲ್ಲಿ ಪನಗ್ಯೂರಿಷ್ಟೆ ಪಟ್ಟಣದ ಹೆಂಚಿನ ಕಾರ್ಖಾನೆಯೊಂದರ ಬಳಿ ಜೇಡಿಮಣ್ಣು ತೆಗೆಯುತ್ತಿದ್ದ ಮೂವರು ಅಣ್ಣತಮ್ಮಂದಿರಿಗೆ ಒಂಬತ್ತು ಚಿನ್ನದ ಪಾತ್ರೆಗಳು ಸಿಕ್ಕವು. ಒಟ್ಟು ತೂಕ 6 ಕಿಲೋಗೂ ಹೆಚ್ಚು. ಅವುಗಳ ಕಾಲ ಕ್ರಿ.ಪೂ. 4ನೇ ಶತಮಾನದ ಕೊನೆ ಅಥವಾ 3ನೇ ಶತಮಾನದ ಆರಂಭ. ಅದರಲ್ಲೊಂದು ಅಗಲವಾದ ಬಟ್ಟಲು, ಪೂಜೆಯಲ್ಲಿ ದೇವರಿಗೆ ದ್ರಾಕ್ಷಾರಸ ಎರೆಯಲು ಬಳಸುವಂಥದ್ದು. ಅದರ ಮೈಮೇಲೆ ವೃತ್ತಾಕಾರದ ನಾಲ್ಕು ಸಾಲುಗಳು. ಒಳಗಿನ ಸಾಲಿನಲ್ಲಿ ಓಕ್ ಮರದ 24 ಕಾಯಿಗಳು. ಉಳಿದ ಮೂರು ಸಾಲುಗಳಲ್ಲಿ ತಲಾ 24ರಂತೆ 72 ಆಫ್ರಿಕನ್ನರ ತಲೆಗಳು. ಹೊರಗೆ ಹೋದಂತೆ ತಲೆಗಳ ಗಾತ್ರ ದೊಡ್ಡದಾಗುತ್ತದೆ.

ಇದರ ಅರ್ಥವೇನು? ಪ್ರಾಚೀನರಿಗೇ ಇದು ಒಗಟಾಗಿತ್ತು. ಅಥೆನ್ಸ್ ಸಮೀಪದ ರಾಮ್ನೂಸ್‌ನಲ್ಲಿ ನೆಮಿಸಿಸ್ ದೇವತೆಯ ಪ್ರತಿಮೆಯೊಂದಿತ್ತು. ಆಕೆಯ ಕೈಯಲ್ಲಿದ್ದ ಬಟ್ಟಲಿನ ಮೇಲೂ ಐಥಿಯೋಪ್ಸ್ ಜನರ ಚಿತ್ರಗಳಿದ್ದವು. ಕ್ರಿ.ಶ. 2ನೇ ಶತಮಾನದಲ್ಲಿ ಗ್ರೀಸ್ ಸುತ್ತಿ ಬರೆದ ಪೌಸಾನಿಯಸ್ ಅದನ್ನು ವರ್ಣಿಸಿ, ಅವರೇಕೆ ಅಲ್ಲಿದ್ದಾರೆ ಎಂದು ತನಗೆ ಊಹಿಸಲಾಗಲಿಲ್ಲ, ಬೇರೆಯವರು ಕೊಟ್ಟ ಕಾರಣವೂ ಒಪ್ಪಿಗೆಯಾಗಲಿಲ್ಲ ಎಂದು ಬರೆದಿಟ್ಟಿದ್ದಾನೆ. ಸುಮಾರು 1,800 ವರ್ಷಗಳ ಹಿಂದಿನ ಈ ಲೇಖಕನಿಂದ ನಮ್ಮ ವಾಟ್ಸ್‌ಆ್ಯಪ್ ವಿದ್ವಾಂಸರು ಕಲಿಯುವುದಿದೆ.

ಇದು ಗೌರವವೋ, ಗುಲಾಮಗಿರಿಯೋ?

ಪುರಾತನ ವಸ್ತುವಿನಲ್ಲಿ ಆಫ್ರಿಕನ್ ಮುಖ ಕಂಡೊಡನೆ ಒಬ್ಬರು "ರಾಜ" ಎನ್ನುತ್ತಾರೆ, ಮತ್ತೊಬ್ಬರು "ಗುಲಾಮ" ಎನ್ನುತ್ತಾರೆ. ಮೂರನೆಯ ಸಾಧ್ಯತೆ ಯಾರ ತಲೆಗೂ ಹೊಳೆಯುವುದಿಲ್ಲ.

ಗ್ರೀಸ್, ರೋಮ್‌ಗಳಲ್ಲಿ ಗುಲಾಮಗಿರಿ ಧಾರಾಳವಾಗಿತ್ತು, ಗುಲಾಮರಲ್ಲಿ ಆಫ್ರಿಕನ್ನರೂ ಇದ್ದರು. ಆದರೆ ಇಂದಿನ ಬಲ್ಗೇರಿಯಾ, ಸಿರಿಯಾ, ಫ್ರಾನ್ಸ್ ಕಡೆಯ ಜನರೂ ಭಾರಿ ಸಂಖ್ಯೆಯಲ್ಲಿ ಗುಲಾಮರಾಗಿದ್ದರು. ಯುದ್ಧದಲ್ಲಿ ಸೋತವರು ಯಾರಾದರೂ ಗುಲಾಮರಾಗಬಹುದಿತ್ತು. ಕಪ್ಪು ಬಣ್ಣ ಎಂದರೆ ಗುಲಾಮ ಎಂಬ ಸಮೀಕರಣ ಅಲ್ಲಿ ಇರಲಿಲ್ಲ. ಅದು ಬಹಳ ನಂತರದ ಅಟ್ಲಾಂಟಿಕ್ ಗುಲಾಮ ವ್ಯಾಪಾರ ಬಿಟ್ಟುಹೋದ ಗಾಯ. ಇತ್ತ ಗ್ರೀಕ್ ಇತಿಹಾಸಕಾರ ಹೆರೊಡೋಟಸ್, ಐಥಿಯೋಪ್ಸ್ ಜನ ಎಲ್ಲರಿಗಿಂತ ಎತ್ತರದವರು, ಸುಂದರರು ಎಂಬ ಮಾತನ್ನು ದಾಖಲಿಸಿದ್ದಾನೆ.

ಅಮೆರಿಕದ ಹೋವರ್ಡ್ ವಿಶ್ವವಿದ್ಯಾಲಯದ ಆಫ್ರಿಕನ್ ಅಮೆರಿಕನ್ ವಿದ್ವಾಂಸ ಫ್ರಾಂಕ್ ಸ್ನೋಡೆನ್ 1970ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇಂಥ ನೂರಾರು ವಸ್ತುಗಳನ್ನು ಒಟ್ಟುಗೂಡಿಸಿದರು. ಆಧುನಿಕ ಕಾಲದ ವರ್ಣದ್ವೇಷ ಗ್ರೀಕ್, ರೋಮನ್ ಜಗತ್ತಿನಲ್ಲಿರಲಿಲ್ಲ ಎಂಬುದು ಅವರ ವಾದ. 2004ರಲ್ಲಿ ಬೆಂಜಮಿನ್ ಐಸಾಕ್ ಎಂಬ ಇತಿಹಾಸಕಾರರು ಬೇರೆ ಮಾತು ಹೇಳಿದರು. ಹೊರಗಿನವರು ಹುಟ್ಟಿನಿಂದಲೇ ಹೀಗೆ ಎಂಬ ಪೂರ್ವಗ್ರಹ ಆಗಲೂ ಇತ್ತು, ಅದು ಮುಂದಿನ ವರ್ಣದ್ವೇಷಕ್ಕೆ ಬೀಜವಾಯಿತು ಎಂದು ಅವರು ತೋರಿಸಿದರು. ಈ ಚರ್ಚೆ ಇನ್ನೂ ನಡೆಯುತ್ತಿದೆ.

ತಾಯತ, ಓಲೆಗಳ ವಿಷಯದಲ್ಲಿ ಕೆಲವರು ಹೇಳುವುದು: ಅಪರೂಪದ ಮುಖ ಕೆಟ್ಟ ದೃಷ್ಟಿಯನ್ನು ತಡೆಯುತ್ತದೆ ಎಂಬ ನಂಬಿಕೆ ಇತ್ತು. ಹೊಸ ಮನೆಯ ಮುಂದೆ ದೃಷ್ಟಿಬೊಂಬೆ ಕಟ್ಟುವ ನಮಗೆ ಇದನ್ನು ಊಹಿಸುವುದು ಕಷ್ಟವಲ್ಲ. ಆದರೆ ಒಬ್ಬ ಮನುಷ್ಯನ ಮುಖವನ್ನು ದೃಷ್ಟಿಬೊಂಬೆಯಾಗಿ ಬಳಸುವುದು ದ್ವೇಷವಲ್ಲದಿದ್ದರೂ ಗೌರವ ಎಂದೂ ಹೇಳಲಾಗದು. ಅದೇ ಕೈಗಳು ಆ ಮುಖವನ್ನು ಬಹಳ ಗಮನವಿಟ್ಟು, ಅಂದವಾಗಿ ಕೆತ್ತಿವೆ ಎಂಬುದೂ ಸುಳ್ಳಲ್ಲ. ಎರಡೂ ಒಟ್ಟಿಗೆ ನಿಜವಾಗಿರಬಹುದು.

ಇದು ದೂರದ ವಿಷಯ ಎನಿಸಬಹುದು. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಸಮುದಾಯದವರು ತಲೆಮಾರುಗಳಿಂದ ಇಲ್ಲಿನವರು, ಕನ್ನಡ, ಕೊಂಕಣಿ ಮಾತಾಡುವವರು. ಆದರೂ ಅವರ ಮುಖ ನೋಡಿ "ಯಾವ ದೇಶ?" ಎಂದು ಕೇಳುವವರು ಇಂದಿಗೂ ಇದ್ದಾರೆ. ಮುಖ ನೋಡಿ ಇಡೀ ಕಥೆ ಬರೆದುಬಿಡುವ ಅಭ್ಯಾಸ ಹಳೆಯ ನಾಣ್ಯಕ್ಕಷ್ಟೇ ಅನ್ವಯಿಸುವುದಲ್ಲ.

ಆಫ್ರಿಕಾ ಎಂಬ ಹೆಸರಿನ ಗೊಂದಲ

ಇನ್ನೊಂದು ಬಗೆಯ ಫೋಟೊ ಬರುತ್ತದೆ: "ಆಫ್ರಿಕಾ" ಎಂದೇ ಬರೆದ ರೋಮನ್ ನಾಣ್ಯ. ಸಾಮ್ರಾಟ ಹೇಡ್ರಿಯನ್‌ನ ಕಾಲದ ಇಂಥ ನಾಣ್ಯಗಳಲ್ಲಿ ಆನೆಯ ತಲೆಯ ಚರ್ಮವನ್ನು ಟೋಪಿಯಂತೆ ತೊಟ್ಟ ಹೆಂಗಸು ಇದ್ದಾಳೆ. ಆಕೆ ಆಫ್ರಿಕನ್ ರಾಣಿಯಲ್ಲ. ನಮ್ಮ ಭಾರತಮಾತೆ, ಕನ್ನಡಾಂಬೆಯಂತೆ ಒಂದು ನಾಡನ್ನು ಹೆಣ್ಣಾಗಿ ಕಲ್ಪಿಸಿದ ಚಿತ್ರ. ಆಗ "ಆಫ್ರಿಕಾ" ಎಂದರೆ ಇಡೀ ಖಂಡವಲ್ಲ, ಕಾರ್ಥೇಜ್ ಸುತ್ತಲಿನ ರೋಮನ್ ಪ್ರಾಂತ್ಯ. ಆನೆ ಟೋಪಿ ಎಂದರೆ ಆಫ್ರಿಕಾ ಎಂದೂ ಅಲ್ಲ. ಈಜಿಪ್ಟಿನ ರಾಜ ಒಂದನೇ ಟಾಲೆಮಿಯ ನಾಣ್ಯಗಳಲ್ಲಿ ಅಲೆಕ್ಸಾಂಡರ್ ಕೂಡ ಆನೆಯ ತಲೆ ತೊಟ್ಟಿದ್ದಾನೆ. ಅದು ಅವನ ಭಾರತದ ದಂಡಯಾತ್ರೆಯ ನೆನಪು ಎನ್ನುತ್ತಾರೆ.

ಆಫ್ರಿಕನ್ನರು ತಮ್ಮ ಮುಖವನ್ನು ತಾವೇ ಅಚ್ಚು ಹಾಕಿಸಿದ ನಾಣ್ಯ ಬೇಕೆಂದರೆ ಮೆಡಿಟರೇನಿಯನ್ ಬಿಟ್ಟು ಕೆಂಪು ಸಮುದ್ರದ ಕಡೆ ನೋಡಬೇಕು. ಇಂದಿನ ಇಥಿಯೋಪಿಯಾ, ಎರಿಟ್ರಿಯಾಗಳಲ್ಲಿದ್ದ ಅಕ್ಸುಮ್ ರಾಜ್ಯದ ದೊರೆಗಳು ಕ್ರಿ.ಶ. 3ನೇ ಶತಮಾನದ ಕೊನೆಯಲ್ಲಿ ಚಿನ್ನ, ಬೆಳ್ಳಿ, ಕಂಚಿನ ನಾಣ್ಯ ಹೊರಡಿಸಿದರು. ಅದರಲ್ಲಿ ರಾಜನ ಮುಖವೂ ಇದೆ, ಹೆಸರೂ ಇದೆ. ಇಂಥ ನಾಣ್ಯಗಳು ವ್ಯಾಪಾರದ ದಾರಿ ಹಿಡಿದು ದಕ್ಷಿಣ ಭಾರತಕ್ಕೂ ಬಂದಿವೆ. ಕಪ್ಪು ರಾಜನ ನಾಣ್ಯ ಎಂದು ಹೆಮ್ಮೆಯಿಂದ ಹಂಚಲು ಇದಕ್ಕಿಂತ ಒಳ್ಳೆಯ ಫೋಟೊ ಬೇಕೇ?

ಫಾರ್ವರ್ಡ್ ಮಾಡುವ ಮೊದಲು

ಹಳೆಯ ನಾಣ್ಯ ಅಥವಾ ಒಡವೆಯ ಫೋಟೊ ಬಂದರೆ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಎರಡೂ ಬದಿ ತೋರಿಸಿದ್ದಾರೆಯೇ? ಅದರ ಮೇಲೆ ಹೆಸರು ಬರೆದಿದೆಯೇ, ಅಥವಾ ಹೆಸರಿರುವುದು ಪೋಸ್ಟಿನಲ್ಲಿ ಮಾತ್ರವೇ? ಎಲ್ಲಿ ಸಿಕ್ಕಿತು, ಯಾವ ಮ್ಯೂಸಿಯಂನಲ್ಲಿದೆ ಎಂಬ ಮಾಹಿತಿ ಇದೆಯೇ? ಚರ್ಮಕ್ಕೆ ಬಣ್ಣ ತುಂಬಿದ ಚಿತ್ರವಾದರೆ ಆ ಬಣ್ಣ ಯಾರು ತುಂಬಿದ್ದು? ಕಂಚು, ಬೆಳ್ಳಿಯ ನಾಣ್ಯಕ್ಕೆ ಲೋಹದ ಬಣ್ಣವೊಂದೇ ಇರುವುದು. ಕೂದಲು, ಮೂಗು, ತುಟಿಯ ಆಕಾರ ಅದರಲ್ಲಿ ಕಾಣುತ್ತದೆ, ಚರ್ಮದ ಬಣ್ಣ ಕಾಣುವುದಿಲ್ಲ.

ಆನೆಯ ನಾಣ್ಯವನ್ನು ಹಂಚಲೇಬೇಕೆಂದಿದ್ದರೆ ಹಂಚಿ. ಬರಹ ಮಾತ್ರ ಬದಲಿಸಿ: "ಸುಮಾರು 2,200 ವರ್ಷಗಳ ಹಿಂದಿನ ಇಟಲಿಯ ಚಿಲ್ಲರೆ ನಾಣ್ಯ. ಮುಂದೆ ಒಬ್ಬ ಆಫ್ರಿಕನ್, ಬಹುಶಃ ಮಾವುತ. ಹಿಂದೆ ಅವನ ಆನೆ." ರಾಜರ, ಸೇನಾನಿಗಳ ಮುಖ ಹೊತ್ತ ನಾಣ್ಯಗಳು ಲಕ್ಷಾಂತರ ಇವೆ. ದುಡಿಯುವ ಮನುಷ್ಯನೊಬ್ಬನ ಮುಖ ಹೊತ್ತ ನಾಣ್ಯ ಬಹಳ ಅಪರೂಪ. ಆ ಮುಖಕ್ಕೆ ಹ್ಯಾನಿಬಲ್‌ನ ಹೆಸರು ಅಂಟಿಸಿದರೆ ಅವನಿಗೆ ಸಿಕ್ಕ ಆ ಒಂದು ಜಾಗವನ್ನೂ ನಾವು ಕಿತ್ತುಕೊಂಡಂತಾಗುತ್ತದೆ.